ಬೈಗುಳ ಬೇರೆ, ಬೆದರಿಕೆ ಬೇರೆ

ಚುನಾಯಿತ ಪ್ರತಿನಿಧಿ ಎಂದರೆ ನಮಗೆ ನೆನಪಾಗುವುದು ಶಾಸಕ, ಸಂಸದ. ಈ ಅಧ್ಯಾಯದ ಮಟ್ಟಿಗೆ ಅವರು ಸ್ವಲ್ಪ ಬದಿಗಿರಲಿ. ಅವರಿಗೆ ಅಪಾಯವಿಲ್ಲ ಎಂದಲ್ಲ. 2019ರ ನವೆಂಬರಿನಲ್ಲಿ ಶಾಸಕ ತನ್ವೀರ್ ಸೇಠ್ ಅವರನ್ನು ಮೈಸೂರಿನಲ್ಲಿ ಮದುವೆ ಸಮಾರಂಭದಲ್ಲೇ ಇರಿಯಲಾಯಿತು. 2022ರ ಅಕ್ಟೋಬರಿನಲ್ಲಿ ನಮ್ಮ ಬೆಳ್ತಂಗಡಿ ಶಾಸಕರ ಕಾರನ್ನು ಫರಂಗಿಪೇಟೆ ಬಳಿ ಹಿಂಬಾಲಿಸಿ ಬೆದರಿಸಿದರೆಂಬ ದೂರು ದಾಖಲಾಯಿತು. ಆದರೂ ಶಾಸಕರ ಬೆನ್ನಿಗೆ ಗನ್‌ಮ್ಯಾನ್ ಇರುತ್ತಾನೆ, ಸದನದೊಳಗೆ ಆಡಿದ ಮಾತಿಗೆ ಸಂವಿಧಾನದ 194ನೇ ವಿಧಿಯ ರಕ್ಷಣೆ ಇರುತ್ತದೆ. ಚಾರ್ಮಾಡಿ ಗ್ರಾಮ ಪಂಚಾಯತಿನ ಸದಸ್ಯರಿಗೆ ಇವೆರಡೂ ಇಲ್ಲ. ಸಭೆ ಮುಗಿಸಿ ಅವರು ಕಕ್ಕಿಂಜೆ ಪೇಟೆಯಲ್ಲೇ ಮೀನು ಕೊಳ್ಳಬೇಕು, ತಾವು ವಿರೋಧಿಸಿದವನ ಪಕ್ಕದಲ್ಲೇ ಬಸ್ಸಿಗೆ ಕಾಯಬೇಕು.

ಲೆಕ್ಕ ಚಿಕ್ಕದು: ಕರ್ನಾಟಕದಲ್ಲಿ ಸುಮಾರು 400 ಜನಕ್ಕೊಬ್ಬ ಗ್ರಾಮ ಪಂಚಾಯತ್ ಸದಸ್ಯ, ಅವಧಿ ಐದು ವರ್ಷ, ಪಕ್ಷದ ಚಿಹ್ನೆ ಇಲ್ಲ, ಅರ್ಧದಷ್ಟು ಸ್ಥಾನ ಮಹಿಳೆಯರಿಗೆ.

ಇಷ್ಟು ಚಿಕ್ಕ ಹುದ್ದೆಯವರನ್ನು ಯಾರು ಬೆದರಿಸುತ್ತಾರೆ ಎಂದು ಕೇಳುವವರಿದ್ದಾರೆ. 2017ರ ಏಪ್ರಿಲ್ 20ರಂದು ಬಂಟ್ವಾಳ ತಾಲ್ಲೂಕಿನ ಕರೋಪಾಡಿ ಪಂಚಾಯತಿನ ಉಪಾಧ್ಯಕ್ಷ ಅಬ್ದುಲ್ ಜಲೀಲ್ ಅವರನ್ನು ಹಾಡಹಗಲೇ, ಪಂಚಾಯತ್ ಕಚೇರಿಯ ಒಳಗೇ ಕಡಿದು ಕೊಂದರು. ನಿವೇಶನದ ಖಾತೆ, ಬೀದಿದೀಪ, ನಳ್ಳಿನೀರಿನ ಅರ್ಜಿ ಹಿಡಿದು ಜನ ಬರುವ ಜಾಗವದು.

ಕೊಲೆ ವಿರಳ. ಹೆಚ್ಚು ನಡೆಯುವುದು ಬಾಯಿಮಾತಿನ ಬೆದರಿಕೆ, ಮತ್ತು ಜನ ಎಡವುವುದೂ ಇಲ್ಲೇ. ಮಾತು ಎಷ್ಟು ಕೆಟ್ಟದೋ ಅಪರಾಧವೂ ಅಷ್ಟು ದೊಡ್ಡದು ಎಂದು ಬಹಳ ಮಂದಿ ನಂಬಿದ್ದಾರೆ. ಗ್ರಾಮಸಭೆಯಲ್ಲಿ ಒಬ್ಬ ಎದ್ದುನಿಂತು "ನೀವೆಲ್ಲ ಕಳ್ಳರು, ಮಾರ್ಗದ ದುಡ್ಡು ನುಂಗಿದವರು" ಎಂದು ಕಿರುಚಿದ ಎಂದಿಟ್ಟುಕೊಳ್ಳಿ. ಕಿವಿಗೆ ಕಷ್ಟ, ಆದರೆ ಬಹುಪಾಲು ಅದು ಮತದಾರನ ಸಿಟ್ಟು. ಅದನ್ನು ಕೇಳಿಸಿಕೊಳ್ಳುವುದೂ ಸದಸ್ಯರ ಕೆಲಸವೇ. ಈಗ ಇನ್ನೊಬ್ಬನನ್ನು ನೋಡಿ. ಕೆಂಪುಕಲ್ಲಿನ ಕೋರೆಯ ವಿಷಯ ನಾಳೆ ಸಭೆಗೆ ಬರಲಿದೆ. ಇವತ್ತು ಸಂಜೆ ಸದಸ್ಯೆಯ ಅಂಗಳಕ್ಕೆ ಬಂದು, ಕೊಟ್ಟ ಚಾ ಕುಡಿದು, ಮೆಲ್ಲಗೆ ಹೇಳುತ್ತಾನೆ: "ಮಗಳು ಉಜಿರೆ ಕಾಲೇಜಿಗೆ ಎಂಟೂಕಾಲರ ಬಸ್ಸಿಗೆ ಹೋಗುವುದಲ್ವಾ ಅಕ್ಕ? ಜಾಗ್ರತೆ ಆಯ್ತಾ." ಒಂದೇ ಒಂದು ಕೆಟ್ಟ ಪದವಿಲ್ಲ. ಆದರೂ ಬೆದರಿಕೆ ಎಂದರೆ ಇದೇ.

ಕಾನೂನೂ ಹೀಗೆಯೇ ನೋಡುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಂ, ಹಳೆಯ ಐಪಿಸಿಯ 503 ಮತ್ತು 506, ಕೇಳುವುದು ಉದ್ದೇಶವನ್ನು. ದೇಹಕ್ಕೋ ಮಾನಕ್ಕೋ ಆಸ್ತಿಗೋ ಹಾನಿ ಮಾಡುತ್ತೇನೆಂದು ಸೂಚಿಸಿ, ದಿಗಿಲು ಹುಟ್ಟಿಸುವ ಅಥವಾ ಹಕ್ಕಿನಿಂದ ಮಾಡಬಹುದಾದ ಕೆಲಸವನ್ನು ಬಿಡಿಸುವ ಉದ್ದೇಶ ಇತ್ತೇ? ಹಾನಿ ತಮಗೇ ಆಗಬೇಕೆಂದಿಲ್ಲ, ತಮಗೆ ಬೇಕಾದವರಿಗೆ ಎಂದರೂ ಸಾಕು. ಮಗಳ ಬಸ್ಸು ಕಲಮಿನ ಒಳಗೇ ಬಂತು! ಈ ಸೆಕ್ಷನ್ ಬರೆದವರಿಗೆ ಊರಿನ ರೀತಿ ಚೆನ್ನಾಗಿ ಗೊತ್ತಿತ್ತು ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

ತೊಡಕಿರುವುದು ಮುಂದಿನ ಮೆಟ್ಟಿಲಲ್ಲಿ. ಈ ಅಪರಾಧ ಅಸಂಜ್ಞೇಯ, ಠಾಣೆಯ ಮಾತಿನಲ್ಲಿ 'ಎನ್‌ಸಿ'. ಅಂದರೆ ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ದೂರು ಕೊಟ್ಟವರ ಕೈಗೆ ಒಂದು ಹಿಂಬರಹ ಸಿಗುತ್ತದೆ. ಠಾಣೆಯವರು ಕೈತೊಳೆದುಕೊಂಡರು ಎಂದು ಅವರು ಮನೆಗೆ ಹೋಗಿ ಸುಮ್ಮನಾಗುತ್ತಾರೆ. ಸುಮ್ಮನಾಗಬೇಡಿ. ಆ ಹಿಂಬರಹ ಹಿಡಿದೇ ನ್ಯಾಯಾಲಯದ ಅನುಮತಿ ಕೇಳಬಹುದು.

ಸದಸ್ಯರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದು, ಬೆದರಿಸುವವರು ಆ ಸಮುದಾಯಗಳಿಗೆ ಸೇರದವರಾದರೆ ದಾರಿ ಬೇರೆ. ದೌರ್ಜನ್ಯ ತಡೆ ಕಾಯ್ದೆಗೆ 2016ರ ಜನವರಿ 26ರಿಂದ ಜಾರಿಗೆ ಬಂದ ತಿದ್ದುಪಡಿ, ಪಂಚಾಯತ್ ಸದಸ್ಯರನ್ನೋ ಅಧ್ಯಕ್ಷರನ್ನೋ ಹೆದರಿಸಿ ಕೆಲಸಕ್ಕೆ ಅಡ್ಡಿ ಮಾಡುವುದನ್ನು ಹೆಸರಿಟ್ಟು ಅಪರಾಧವೆಂದಿದೆ. ಶಿಕ್ಷೆ ಆರು ತಿಂಗಳಿಂದ ಐದು ವರ್ಷ. ಇಲ್ಲಿ ಎಫ್‌ಐಆರ್‌ಗೆ ಮ್ಯಾಜಿಸ್ಟ್ರೇಟರ ಅಪ್ಪಣೆ ಬೇಡ. ದೂರದ ಬೊಲಿವಿಯಾದಲ್ಲಿ ಹ್ವಾನಾ ಕಿಸ್ಪೆ ಎಂಬ ಸ್ಥಳೀಯ ಸಂಸ್ಥೆಯ ಸದಸ್ಯೆಯ ಕೊಲೆಯಾದ 2012ರಲ್ಲೇ, ರಾಜಕೀಯದಲ್ಲಿರುವ ಮಹಿಳೆಯರ ಮೇಲಿನ ಕಿರುಕುಳಕ್ಕೆಂದೇ 243ನೇ ಕಾನೂನು ಬಂತು. ನಮ್ಮಲ್ಲಿ ಅರ್ಧ ಸ್ಥಾನ ಕೊಟ್ಟಿದ್ದೇವೆ, ಅಂಥ ಕಾನೂನು ಕೊಟ್ಟಿಲ್ಲ.

ಅಲ್ಲಿಯವರೆಗೆ ನಡವಳಿ ಪುಸ್ತಕವೇ ಆಯುಧ. ಬೆದರಿಕೆ ಬಂದರೆ ಮರುದಿನದ ಸಭೆಯಲ್ಲಿ ಎದ್ದು ಹೇಳಿ. ಯಾರು, ಎಂದು, ಯಾವ ವಿಷಯಕ್ಕೆ ಎಂಬುದನ್ನು ಬರೆಸಿ. ವಾಟ್ಸ್ಆ್ಯಪ್ ಧ್ವನಿ ಸಂದೇಶವಿದ್ದರೆ ಅಳಿಸಬೇಡಿ. ಒಬ್ಬರ ದೂರು ಇಡೀ ಪಂಚಾಯತಿನ ನಿರ್ಣಯವಾದರೆ, ಅಂಗಳಕ್ಕೆ ಬಂದವನು ಎಲ್ಲ ಸದಸ್ಯರ ಮನೆಗೂ ಚಾ ಕುಡಿಯಲು ಹೋಗಬೇಕಾಗುತ್ತದೆ.

ಇನ್ನು ಓದುವ ಹುಡುಗ ಹುಡುಗಿಯರಲ್ಲಿ ಒಂದು ಕೋರಿಕೆ. ಅಪರಾಧ ಅಂಕಿಅಂಶಗಳಲ್ಲಿ ರಾಜಕೀಯ ಕಾರಣದ ಕೊಲೆಗೆ ಒಂದು ಕಾಲಂ ಇದೆ. ಹೆದರಿ ಸಭೆಗೆ ಬಾರದ ಸದಸ್ಯೆಗೆ, 'ವೈಯಕ್ತಿಕ ಕಾರಣ' ಎಂದು ಬರೆದುಕೊಟ್ಟ ರಾಜೀನಾಮೆಗೆ ಕಾಲಂ ಇಲ್ಲ. ಆ ಪತ್ರಗಳು ಪಂಚಾಯತ್ ಕಚೇರಿಗಳಲ್ಲಿವೆ. ಅಧ್ಯಕ್ಷರದ್ದಾದರೆ ಪುತ್ತೂರಿನ ಸಹಾಯಕ ಆಯುಕ್ತರ ಕಡತದಲ್ಲಿವೆ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ಒಂದು ತಾಲ್ಲೂಕು, ಒಂದು ಅವಧಿ ಹಿಡಿದುಕೊಳ್ಳಿ: ರಾಜೀನಾಮೆಯ ತಾರೀಖಿನ ಹಿಂದಿನ ಸಭೆಯ ಕಾರ್ಯಸೂಚಿಯಲ್ಲಿ ಏನಿತ್ತು ಎಂದು ಪಕ್ಕದಲ್ಲಿಟ್ಟು ನೋಡಿ.