ಮಾತ್ರೆ ಬಂತು, ಮಾತು ಬರಲಿಲ್ಲ

ಮೆಡಿಕಲ್ ಶಾಪಿನಲ್ಲಿ ಕೆಮ್ಮಿನ ಸಿರಪ್ ಕೇಳಿದರೆ ಬಾಟಲಿಯನ್ನು ಹಾಗೇ ಕೌಂಟರಿನ ಮೇಲಿಡುತ್ತಾರೆ. ತುರ್ತು ಗರ್ಭನಿರೋಧಕ ಮಾತ್ರೆ ಕೇಳಿದರೆ ಹಳೇ ಪೇಪರ್ ಹುಡುಕಿ ಸುತ್ತುತ್ತಾರೆ, ಮೇಲೊಂದು ಕಪ್ಪು ಕವರ್. ಕೊಡುವವರು ಮುಖ ನೋಡುವುದಿಲ್ಲ, ಕೊಳ್ಳುವವರು ಚಿಲ್ಲರೆ ಎಣಿಸುವುದಿಲ್ಲ.

ಈ ಪೊಟ್ಟಣ ಕೌಂಟರಿಗೆ ಬಂದ ದಾರಿ ಉದ್ದದ್ದು. 1970ರ ದಶಕದಲ್ಲಿ ಕೆನಡಾದ ವೈದ್ಯ ಆಲ್ಬರ್ಟ್ ಯೂಜ್ಪೆ ಎರಡು ಹಾರ್ಮೋನು ಕೂಡಿಸಿ ಕೊಟ್ಟು, ಕೂಡಿದ ಮೇಲೂ ಗರ್ಭ ತಡೆಯಬಹುದೆಂದು ತೋರಿಸಿದರು. ಆದರೆ ವಾಕರಿಕೆ, ವಾಂತಿಯ ಕಾಟ. ಲೆವೊನಾರ್ಜೆಸ್ಟ್ರೆಲ್ ಎಂಬ ಹಾರ್ಮೋನು ಒಂದೇ ಸಾಕು, ಗುಣ ಹೆಚ್ಚು, ವಾಂತಿ ಕಡಿಮೆ ಎಂದು 1998ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ ಹೇಳಿತು. ಮರುವರ್ಷವೇ ಫ್ರಾನ್ಸಿನಲ್ಲಿ ಅದು ವೈದ್ಯರ ಚೀಟಿಯಿಲ್ಲದೆ ಸಿಗತೊಡಗಿತು. 2001ರಲ್ಲಿ ಬ್ರಿಟನ್ನಿನಲ್ಲೂ 16 ತುಂಬಿದವರಿಗೆ ಸಿಕ್ಕಿತು. ಆದರೆ ಅಲ್ಲಿ ಫಾರ್ಮಸಿಸ್ಟ್ ನಾಲ್ಕು ಪ್ರಶ್ನೆ ಕೇಳಿಯೇ ಕೊಡಬೇಕಿತ್ತು.

ನಮ್ಮಲ್ಲಿ 2005ರಲ್ಲಿ ಚೀಟಿಯ ಹಂಗು ತಪ್ಪಿತು. 2007ರಲ್ಲಿ ಔಷಧ ಕಂಪನಿ ಸಿಪ್ಲಾ ಇದೇ ಮಾತ್ರೆಯನ್ನು 'ಐ-ಪಿಲ್' ಹೆಸರಿನಲ್ಲಿ ತಂದಿತು. ಟಿ.ವಿ. ಜಾಹೀರಾತು ಆ ಹೆಸರನ್ನು ಮನೆಮನೆಗೆ ಮುಟ್ಟಿಸಿತು. ಔಷಧದ ಬಗ್ಗೆ ತಿಳಿಹೇಳುವುದು ನೋಂದಾಯಿತ ಫಾರ್ಮಸಿಸ್ಟರ ಕರ್ತವ್ಯವೆಂದು 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳು ಬರೆದವು. ಬರೆದದ್ದು ಕೌಂಟರಿನವರೆಗೆ ಬಂದದ್ದು ಕಡಿಮೆ.

ಹೇಳಬೇಕಾದ್ದೇನೂ ಪುರಾಣವಲ್ಲ. ಅಂಡಾಣು ಬಿಡುಗಡೆಯನ್ನು ಮುಂದೂಡುವುದೇ ಈ ಮಾತ್ರೆಯ ಮುಖ್ಯ ಕೆಲಸ. ಹಾಗಾಗಿ ಕೂಡಿದ ಮೇಲೆ 72 ಗಂಟೆಯ ಗಡುವಿದ್ದರೂ ಬೇಗ ನುಂಗಿದಷ್ಟೂ ಮೇಲು. ಆಗಲೇ ನಿಂತ ಗರ್ಭವನ್ನು ಇದು ಏನೂ ಮಾಡದು. ನುಂಗಿದ ಎರಡು-ಮೂರು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ಬೇಕು. ಕ್ಷಯಕ್ಕೆ ರಿಫಾಂಪಿಸಿನ್, ಮೂರ್ಛೆರೋಗಕ್ಕೆ ಫಿನಿಟಾಯಿನ್ ತೆಗೆದುಕೊಳ್ಳುವವರಲ್ಲಿ ಇದರ ಬಲ ಕುಂದುತ್ತದೆ. ಮುಟ್ಟು ನಾಲ್ಕು ದಿನ ಹಿಂದುಮುಂದಾದರೆ ಗಾಬರಿ ಬೇಡ, ಆಗಬೇಕಾದ ದಿನ ದಾಟಿ ವಾರ ಕಳೆದರೂ ಆಗದಿದ್ದರೆ ಮೂತ್ರ ಪರೀಕ್ಷೆ ಮಾಡಿಸಬೇಕು. ಪದೇ ಪದೇ ಬೇಕಾಗುವವರಿಗೆ ಬೇರೆ ದಾರಿಗಳಿವೆ: ದಿನಕ್ಕೊಂದು ನುಂಗುವ ಮಾಲಾ-ಡಿ, ಇಲ್ಲವೇ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿದ 'ಸಹೇಲಿ'. ಸಹೇಲಿ ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು.

ಇಷ್ಟಕ್ಕೆ ಎರಡು ನಿಮಿಷ ಸಾಕು. ಹಿಂದೆ ಗಿರಾಕಿಗಳು ನಿಂತಿದ್ದಾರೆ, ನಿಜ. ಆದರೂ ಪೇಪರ್ ಸುತ್ತುವಷ್ಟು ಹೊತ್ತಿನಲ್ಲಿ ಮೊದಲ ಪ್ರಶ್ನೆಯನ್ನಾದರೂ ಮೆಲ್ಲಗೆ ಕೇಳಬಹುದು: "ಎಷ್ಟು ಗಂಟೆ ಆಗಿದೆಯಮ್ಮಾ?"