ಹವಳಕ್ಕೆ ಬೆಳಕೇ ಅನ್ನ: ಮನೆಯಲ್ಲೇ ಕಟ್ಟುವ ಎಲ್.ಇ.ಡಿ. ದೀಪ

ಹಾಡು, ಹರಟೆ ಎಂದು ಸದಾ ನಿಮ್ಮ ಕಿವಿಗೆ ಕೆಲಸ ಕೊಡುವ ನಾವು ಈ ಸಲ ನಿಮ್ಮ ಕೈಗೊಂದು ಕೆಲಸ ತಂದಿದ್ದೇವೆ. ಕೊಚ್ಚಿ, ತಿರುವನಂತಪುರದಂಥ ಕಡಲೂರುಗಳಲ್ಲಿ ನೆಲೆಸಿ ಅಕ್ವೇರಿಯಂ ಹವ್ಯಾಸ ಹತ್ತಿಸಿಕೊಂಡವರಿಗೆ ಒಂದಲ್ಲ ಒಂದು ದಿನ ಉಪ್ಪುನೀರಿನ ಆಸೆ ಹುಟ್ಟುತ್ತದೆ. ಗಾಜಿನ ತೊಟ್ಟಿಯೊಳಗೆ ಒಂದು ಪುಟ್ಟ ಹವಳದ ದಿಬ್ಬ, ಅದರ ನಡುವೆ ಕಿತ್ತಳೆ ಬಣ್ಣದ ಕ್ಲೌನ್ ಮೀನು... ಯಾರಿಗೆ ಬೇಡ ಹೇಳಿ? ಆದರೆ ಅಂಗಡಿಯಲ್ಲಿ ಅದಕ್ಕೆ ತಕ್ಕ ದೀಪದ ಬೆಲೆ ಕೇಳಿದವರು ಮೆಲ್ಲಗೆ ಹಿಂದೆ ಸರಿಯುತ್ತಾರೆ. ಆ ದೀಪವನ್ನು ನಾವೇ ಕಟ್ಟಿಕೊಳ್ಳಬಹುದೇ? ಖಂಡಿತ ಕಟ್ಟಿಕೊಳ್ಳಬಹುದು. ಆದರೆ ಒಂದು ಮಾತು ಮೊದಲೇ ನೆನಪಿರಲಿ: ಈ ದೀಪ ಅಲಂಕಾರಕ್ಕಲ್ಲ, ಹವಳದ ಪಾಲಿಗೆ ಅದು ಊಟ. ಊಟ ಕಡಿಮೆಯಾದರೂ ಕಷ್ಟ, ಹೆಚ್ಚಾದರೂ ಕಷ್ಟ.

ಹವಳ ನೋಡಲು ಕಲ್ಲಿನಂತೆ, ಗಿಡದಂತೆ ಕಂಡರೂ ಅದೊಂದು ಪ್ರಾಣಿ. ಅದರ ಮೈಯೊಳಗೆ ಜೂಜಾಂತೆಲೆ ಎಂಬ ಸೂಕ್ಷ್ಮ ಪಾಚಿ ಬಾಡಿಗೆಗೆ ಇರುತ್ತದೆ. ಈ ಬಾಡಿಗೆದಾರ ಬೆಳಕಿನಿಂದ ಸಕ್ಕರೆ ತಯಾರಿಸಿ, ಅದರಲ್ಲಿ ಬಹುಪಾಲನ್ನು ಮನೆಯೊಡೆಯನಿಗೇ ಕೊಡುತ್ತದೆ. ನೀರು ವಿಪರೀತ ಬಿಸಿಯಾದರೆ ಅಥವಾ ಬೆಳಕು ಮಿತಿ ಮೀರಿದರೆ ಹವಳ ಈ ಪಾಚಿಯನ್ನು ಹೊರದಬ್ಬುತ್ತದೆ. ಆಗ ಬಣ್ಣ ಹೋಗಿ ಬಿಳಿಚಿಕೊಳ್ಳುತ್ತದೆ. ಕೊಚ್ಚಿಯಿಂದ ಹಡಗು ಹತ್ತಿ ಹೋಗುವ ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಕಡಲು ಕಾದಾಗ ಆದದ್ದು ಇದೇ. ಅಲ್ಲಿ ಸಮುದ್ರ ಮಾಡಿದ್ದನ್ನು ಇಲ್ಲಿ ನಮ್ಮ ಕೋಣೆಯಲ್ಲಿ ಒಂದು ತಪ್ಪು ದೀಪವೂ ಮಾಡಬಲ್ಲದು.

ಯಾವ ಬಣ್ಣದ ಬೆಳಕು ಬೇಕು? ನೀರು ಮೊದಲು ನುಂಗುವುದು ಕೆಂಪು ಬಣ್ಣವನ್ನು. ಹತ್ತು ಮೀಟರ್ ಆಳಕ್ಕೆ ಇಳಿಯುವಷ್ಟರಲ್ಲಿ ಕೆಂಪು ಬಹುಪಾಲು ಮಾಯವಾಗಿ ನೀಲಿಯೇ ಉಳಿಯುತ್ತದೆ. ಅಲ್ಲಿ ಬೆಳೆದ ಪಾಚಿಗೂ ನೀಲಿಯೇ ರೂಢಿ. ಆದ್ದರಿಂದ ನಮಗೆ ಬೇಕಾದದ್ದು 450 ನ್ಯಾನೋಮೀಟರ್ ಆಸುಪಾಸಿನ 'ರಾಯಲ್ ಬ್ಲೂ' ಎಲ್.ಇ.ಡಿ. ಜೊತೆಗೆ ನಮ್ಮ ಕಣ್ಣಿಗೂ ಹಿತವಾಗಿರಲೆಂದು 6500 ಕೆಲ್ವಿನ್ ಆಸುಪಾಸಿನ ಬಿಳಿ ಎಲ್.ಇ.ಡಿ. ಪ್ರಖರ ನೀಲಿ ಎಲ್.ಇ.ಡಿ. ಜಗತ್ತಿಗೆ ಸಿಕ್ಕಿದ್ದೇ 1990ರ ದಶಕದಲ್ಲಿ. ಅದನ್ನು ಸಾಧಿಸಿದ ಜಪಾನಿನ ಅಕಾಸಾಕಿ, ಅಮಾನೊ ಮತ್ತು ನಕಾಮುರ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಅದಕ್ಕೂ ಮೊದಲು ಹವಳ ಸಾಕುವವರಿಗೆ ಮೆಟಲ್ ಹಾಲೈಡ್ ದೀಪ ಮತ್ತು ಟ್ಯೂಬ್‌ಲೈಟುಗಳೇ ಗತಿಯಾಗಿದ್ದವು.

ಈಗ ಲೆಕ್ಕಕ್ಕೆ ಬರೋಣ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ಇದೆ ಎಂದುಕೊಳ್ಳಿ. ಮಧ್ಯಮ ಬೆಳಕು ಬೇಡುವ ಜೀವಿಗಳಿಗೆ 3 ವಾಟ್ ವರ್ಗದ 24 ಎಲ್.ಇ.ಡಿ.ಗಳು ಸಾಕು: 12 ನೀಲಿ, 12 ಬಿಳಿ. ನೀಲಿಯದೇ ಒಂದು ಸರಣಿ, ಬಿಳಿಯದೇ ಒಂದು ಸರಣಿ. ಒಂದೊಂದು ಎಲ್.ಇ.ಡಿ.ಗೆ ಸುಮಾರು 3.3 ವೋಲ್ಟ್ ಬೇಕು. ಹನ್ನೆರಡನ್ನು ಸಾಲಾಗಿ ಜೋಡಿಸಿದರೆ ಸುಮಾರು 40 ವೋಲ್ಟ್. 700 ಮಿಲಿ ಆಂಪಿಯರ್ ಕರೆಂಟ್ ಹರಿಸಿದರೆ ಒಂದು ಸರಣಿಗೆ 28 ವಾಟ್, ಎರಡಕ್ಕೂ ಸೇರಿ 56 ವಾಟ್. ದಿನಕ್ಕೆ ಒಂಬತ್ತು ಗಂಟೆ ಉರಿಸಿದರೆ ಅರ್ಧ ಯೂನಿಟ್ ವಿದ್ಯುತ್! 250 ವಾಟ್ ಮೆಟಲ್ ಹಾಲೈಡ್ ದೀಪವಾದರೆ ಅಷ್ಟೇ ಹೊತ್ತಿಗೆ ಎರಡೂ ಕಾಲು ಯೂನಿಟ್ ಕುಡಿಯುತ್ತದೆ.

ಇಲ್ಲಿ 'ಡ್ರೈವರ್' ಎಂಬ ಮಾತು ಬರುತ್ತದೆ. ಬಸ್ಸಿನ ಡ್ರೈವರ್ ಅಲ್ಲ, ಮಾರಾಯರೇ! ಎಲ್.ಇ.ಡಿ.ಗೆ ಹೋಗುವ ಕರೆಂಟನ್ನು ಒಂದೇ ಮಟ್ಟದಲ್ಲಿ ಕಾಯುವ ಪೆಟ್ಟಿಗೆ ಇದು. ಎಲ್.ಇ.ಡಿ. ಬಿಸಿಯಾದಂತೆ ಅದಕ್ಕೆ ಬೇಕಾದ ವೋಲ್ಟೇಜ್ ಇಳಿಯುತ್ತದೆ. ಸಾಮಾನ್ಯ ಅಡಾಪ್ಟರಿಗೆ ನೇರ ಸಿಕ್ಕಿಸಿದರೆ ಕರೆಂಟ್ ಏರುತ್ತಾ ಹೋಗಿ ಸರಣಿಯೇ ಸುಟ್ಟೀತು. ಆದ್ದರಿಂದ 700 ಮಿಲಿ ಆಂಪಿಯರಿನ 'ಕಾನ್‌ಸ್ಟಂಟ್ ಕರೆಂಟ್' ಡ್ರೈವರನ್ನೇ ಕೇಳಿ, ಸರಣಿಗೆ ಒಂದರಂತೆ ಎರಡು ತನ್ನಿ. ಅದರ ವೋಲ್ಟೇಜ್ ವ್ಯಾಪ್ತಿಯೊಳಗೆ ನಮ್ಮ 40 ವೋಲ್ಟ್ ಬರುತ್ತದೆಯೇ, ಬೆಳಕು ತಗ್ಗಿಸುವ ಡಿಮ್ಮರ್ ಸೌಲಭ್ಯ ಇದೆಯೇ, ಮನೆ ಕರೆಂಟಿನಿಂದ ಒಳಗೇ ಬೇರ್ಪಡಿಸಿದ 'ಐಸೊಲೇಟೆಡ್' ಮಾದರಿಯೇ ಎಂದು ನೋಡಿಕೊಳ್ಳಿ. ಕೊಚ್ಚಿಯವರಿಗೆ ಪಳ್ಳಿಮುಕ್ಕಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿವೆ. ಊರಿಗೆ ಹೋಗುವ ದಾರಿಯಲ್ಲಿ ಬೆಂಗಳೂರಿನಲ್ಲಿ ಇಳಿಯುವವರಿಗೆ ಎಸ್.ಪಿ. ರಸ್ತೆ ಇದ್ದೇ ಇದೆ.

ಕಟ್ಟುವ ಕ್ರಮ ಸರಳ. ನಕ್ಷತ್ರದಾಕಾರದ ಅಲ್ಯೂಮಿನಿಯಂ ಬಿಲ್ಲೆಯ ಮೇಲೆ ಕೂರಿಸಿದ ಎಲ್.ಇ.ಡಿ.ಗಳನ್ನೇ ಕೊಳ್ಳಿ. ಪಕ್ಕೆಗಳಿರುವ ಅಲ್ಯೂಮಿನಿಯಂ ಹೀಟ್ ಸಿಂಕಿನ ಮೇಲೆ ತೆಳ್ಳಗೆ ಥರ್ಮಲ್ ಪೇಸ್ಟ್ ಸವರಿ, ನೀಲಿ ಬಿಳಿ ಬೆರೆಸಿ ಸಮನಾಗಿ ಹರಡಿ ಸ್ಕ್ರೂ ಹಾಕಿ. ಒಂದರ ಪ್ಲಸ್ಸಿನಿಂದ ಇನ್ನೊಂದರ ಮೈನಸ್ಸಿಗೆ, ನೀಲಿಯಿಂದ ನೀಲಿಗೆ, ಬಿಳಿಯಿಂದ ಬಿಳಿಗೆ, ಸಾಲಾಗಿ ಬೆಸುಗೆ ಹಾಕುತ್ತಾ ಹೋಗಿ. ಬೆಸುಗೆಯ ತವರ ಪಕ್ಕದ ಲೋಹಕ್ಕೆ ತಾಗಿಲ್ಲವೆಂದು ಮಲ್ಟಿಮೀಟರಿನಲ್ಲಿ ಪರೀಕ್ಷಿಸಿ. ಡ್ರೈವರ್ ಆನ್ ಇರುವಾಗ ಸರಣಿಯನ್ನು ಎಂದೂ ಸಿಕ್ಕಿಸಬೇಡಿ. ಮೊದಲು ಜೋಡಣೆ, ಆಮೇಲೆ ಸ್ವಿಚ್ಚು. ಉರಿಯುವ ನೀಲಿ ಎಲ್.ಇ.ಡಿ.ಯನ್ನು ನೇರವಾಗಿ ದಿಟ್ಟಿಸಬೇಡಿ. ಕಣ್ಣಿಗೆ ಅದು ಮಂದವಾಗಿ ಕಂಡರೂ ಅದರ ಶಕ್ತಿ ಕಡಿಮೆಯೇನಲ್ಲ.

ನಮ್ಮ ಕರಾವಳಿಯ ಹವೆಗೆ ಎರಡು ಮಾತು ಹೆಚ್ಚಿಗೆ ಹೇಳಬೇಕು. ಒಂದು, ಬಿಸಿ. ಎಲ್.ಇ.ಡಿ. ತೆಗೆದುಕೊಂಡ ವಿದ್ಯುತ್ತಿನಲ್ಲಿ ಸುಮಾರು ಅರ್ಧ ಶಾಖವಾಗಿಯೇ ಹೋಗುತ್ತದೆ. ಅದು ಬೆನ್ನಿನ ಕಡೆ ಹೊರಡುವುದರಿಂದ ಹೀಟ್ ಸಿಂಕಿನ ಮೇಲೆ ಕಂಪ್ಯೂಟರಿನ ಸಣ್ಣ ಫ್ಯಾನ್ ಒಂದನ್ನು ಇಡಿ. ಮುಚ್ಚಿದ ಪೆಟ್ಟಿಗೆಯೊಳಗೆ ದೀಪ ಕೂರಿಸಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ಕೊಚ್ಚಿಯ ಕೋಣೆಯಲ್ಲಿ ತೊಟ್ಟಿಯ ನೀರು ತಾನಾಗಿಯೇ 30 ಡಿಗ್ರಿ ಮುಟ್ಟುತ್ತದೆ. ಹವಳಕ್ಕೆ ಹಿತವಾದದ್ದು 25ರಿಂದ 27. ಆ ದಿನಗಳಲ್ಲಿ ದೀಪದ ಹೊತ್ತನ್ನು ಇಳಿಸುವುದು, ನೀರಿನ ಮೇಲೆ ಗಾಳಿ ಬೀಸುವುದು ಒಳ್ಳೆಯದು. ಎರಡು, ಉಪ್ಪು. ನೀರಿನ ಸಿಡಿತದಿಂದ ಬೆಸುಗೆಯ ಮೇಲೆ ಉಪ್ಪು ಕಟ್ಟಿ ಹಸಿರು ಹಿಡಿಯುತ್ತದೆ. ದೀಪದ ಕೆಳಗೆ ಪಾರದರ್ಶಕ ಅಕ್ರಿಲಿಕ್ ಹಾಳೆ ಹಾಕಿ, ವಾರಕ್ಕೊಮ್ಮೆ ಸ್ವಿಚ್ಚು ಆರಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ.

ಇನ್ನು ಪ್ರಾಣದ ಮಾತು. ಉಪ್ಪುನೀರು ವಿದ್ಯುತ್ತನ್ನು ಸಿಹಿನೀರಿಗಿಂತ ಎಷ್ಟೋ ಸಲೀಸಾಗಿ ಹರಿಸುತ್ತದೆ. ಡ್ರೈವರ್ ತೊಟ್ಟಿಯ ಮೇಲೆ ಬೇಡ, ಗೋಡೆಯ ಬದಿಗೆ ದೂರವಿರಲಿ. ವೈರು ಸಾಕೆಟ್ಟಿಗೆ ಹೋಗುವ ಮುನ್ನ ಒಮ್ಮೆ ಕೆಳಗೆ ಬಾಗಿ ಮೇಲೇರಲಿ. ಹಾಗಿದ್ದರೆ ವೈರಿನ ಗುಂಟ ಇಳಿದ ಹನಿ ಆ ಬಾಗಿನಲ್ಲೇ ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆ, ಸಾಕೆಟ್ಟಿಗೆ ಹೋಗುವುದಿಲ್ಲ. ಹೀಟ್ ಸಿಂಕಿಗೆ ಅರ್ಥಿಂಗ್ ಕೊಡಿ. ಬಾಡಿಗೆ ಮನೆಯಾಗಿದ್ದರೆ ಮೂರನೆಯ ಪಿನ್ನಿನಲ್ಲಿ ನಿಜಕ್ಕೂ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ ಕೈಯಲ್ಲಿ ನೋಡಿಸಿ. ತೊಟ್ಟಿಯ ಲೈನಿಗೆ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಇಲ್ಲದೆ ಈ ಕೆಲಸಕ್ಕೆ ಕೈಹಾಕಲೇಬೇಡಿ. ದೀಪದಲ್ಲಿ ಉಳಿಸಿದ ದುಡ್ಡಿನ ಮೊದಲ ಖರ್ಚು ಅದೇ ಆಗಲಿ.

ದೀಪ ಸಿದ್ಧವಾಯಿತು, ಪೂರ್ತಿ ಬೆಳಗಿಸೋಣವೇ? ತಾಳಿ! ಮೊದಲ ವಾರ ಮೂರರಲ್ಲೊಂದು ಪಾಲು ಬೆಳಕು ಸಾಕು. ವಾರವಾರಕ್ಕೂ ಸ್ವಲ್ಪ ಸ್ವಲ್ಪ ಏರಿಸಿ, ಬಿಳಿಯನ್ನು ಮಾತ್ರ ಅರ್ಧದಲ್ಲೇ ನಿಲ್ಲಿಸಿ. ಟೈಮರ್ ಹಾಕಿ ದಿನಕ್ಕೆ ಎಂಟು ಒಂಬತ್ತು ಗಂಟೆ ಉರಿಸಿ. ಬಣ್ಣ ಬಿಳಿಚಿದರೆ ಬೆಳಕೋ ಬಿಸಿಯೋ ಹೆಚ್ಚಾಗಿದೆ ಎಂದರ್ಥ, ಕೂಡಲೇ ತಗ್ಗಿಸಿ. ಕಂದು ತಿರುಗಿದರೆ ಬೆಳಕು ಸಾಲದೆ ಇರಬಹುದು, ಅಥವಾ ನೀರಿನಲ್ಲಿ ಪೋಷಕಾಂಶ ಹೆಚ್ಚಿರಬಹುದು. ಮಳೆಗಾಲದಲ್ಲಿ ಕರೆಂಟು ಹೋದರೆ ದೀಪದ ಚಿಂತೆ ಬೇಡ, ಒಂದೆರಡು ದಿನದ ಕತ್ತಲೆಯನ್ನು ಹವಳ ತಾಳಿಕೊಳ್ಳುತ್ತದೆ. ತಾಳಲಾರದ್ದು ನೀರು ನಿಂತುಹೋಗುವುದನ್ನು. ಬ್ಯಾಟರಿಯ ಏರ್ ಪಂಪು ಮನೆಯಲ್ಲಿರಲಿ.

ಕೊನೆಯದಾಗಿ, ಈ ದೀಪದ ಕೆಳಗೆ ಇಡುವುದೇನನ್ನು? ನಮ್ಮ ಕಡಲಿನ ದಿಬ್ಬ ಕಟ್ಟುವ ಗಟ್ಟಿ ಹವಳಗಳೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿವೆ, ಹುಲಿಯ ಸಾಲಿನಲ್ಲಿ. ಕಪ್ಪು ಹವಳ, ಬೆಂಕಿ ಹವಳ, ಸಮುದ್ರ ಬೀಸಣಿಗೆಗಳೂ ಅಷ್ಟೇ. ಅವನ್ನು ಕಡಲಿನಿಂದ ತೆಗೆಯುವುದು, ಮಾರುವುದು ಅಪರಾಧ. ವಿದೇಶದಿಂದ ಬಂದದ್ದೆಂದು ಹೇಳಿದರೂ ಅದಕ್ಕೆ ಪರವಾನಗಿ ಬೇಕು. ಕಾಯ್ದೆಯ 2022ರ ತಿದ್ದುಪಡಿಯ ಬಳಿಕ ಅಂಥ ಜೀವಿಗಳನ್ನು ಸಾಕುವವರಿಗೆ ನೋಂದಣಿಯ ನಿಯಮವೂ ಬಂದಿದೆ. ಕಾಗದಪತ್ರ ತೋರಿಸದೆ ಪ್ಲಾಸ್ಟಿಕ್ ಚೀಲದಲ್ಲಿ ಹವಳ ಕೊಡಬಂದವರಿಂದ ದೂರವಿರಿ. ಕ್ಲೌನ್ ಮೀನನ್ನಂತೂ ಕಡಲಿನಿಂದ ಹಿಡಿಯಬೇಕಿಲ್ಲ. ಕೊಚ್ಚಿಯಲ್ಲಿ ಕೇಂದ್ರ ಕಚೇರಿ ಇರುವ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ತಿರುವನಂತಪುರದ ಬಳಿಯ ವಿಳಿಂಜಂನಲ್ಲಿ ಅವನ್ನು ತೊಟ್ಟಿಯಲ್ಲೇ ಮರಿ ಮಾಡಿಸಿ ತೋರಿಸಿದ್ದಾರೆ. ಇದೇ ಸಂಸ್ಥೆಯ ಕೇಂದ್ರವೊಂದು ನಮ್ಮ ಮಂಗಳೂರಿನಲ್ಲೂ ಇದೆ.

ಹೊಸ ದೀಪದ ಮೊದಲ ಅತಿಥಿಯಾಗಿ ಒಂದಿಷ್ಟು ಕಡಲಪಾಚಿ ಬೆಳೆಸಿ ನೋಡಿ. ಎರಡು ತಿಂಗಳು ಅದು ನಳನಳಿಸಿದರೆ, ಥರ್ಮಾಮೀಟರು 27 ದಾಟದಿದ್ದರೆ, ಆರ್.ಸಿ.ಸಿ.ಬಿ. ಒಮ್ಮೆಯೂ ಬೀಳದಿದ್ದರೆ ನಿಮ್ಮ ದೀಪ ಪರೀಕ್ಷೆ ಪಾಸಾಯಿತೆಂದೇ ತಿಳಿಯಿರಿ. ಆ ಮೇಲೆ ಉಳಿದ ಜೀವಿಗಳ ಮಾತು. ಬೆಸುಗೆ ಹಾಕುವಾಗ ಬೇಸರ ಕಳೆಯಲು ರೇಡಿಯೋ ಹಚ್ಚಿಡಿ, ಹಾಡಿನ ಹೊಣೆ ನಮ್ಮದು.