ಖಾಲಿ ಉಳಿದಿದ್ದ ಕ್ಯೂ ಅಕ್ಷರ

ಮೆಡಿಕಲ್ ಕಾಲೇಜಿನ ಲೈಬ್ರರಿಯಲ್ಲಿ ಡಿಸರ್ಟೇಶನ್‌ಗಳ ಕಪಾಟು ದೂರದಿಂದಲೇ ಗೊತ್ತಾಗುತ್ತದೆ: ಕಡು ಬಣ್ಣದ ರೆಕ್ಸಿನ್ ರಟ್ಟು, ಮೇಲೆ ಬಂಗಾರದ ಅಕ್ಷರ. ಬರೆದವರು, ಗೈಡು, ಪರೀಕ್ಷಕರು ಬಿಟ್ಟರೆ ಅದನ್ನು ತೆರೆದು ನೋಡುವವರು ಅಪರೂಪ. ಬೆಲ್ಜಿಯಂನ ಫ್ರೆಂಚ್ ಭಾಷಿಕ ಭಾಗದಲ್ಲೂ ಫ್ಯಾಮಿಲಿ ಡಾಕ್ಟರ್ ಆಗಹೊರಟವರು ತರಬೇತಿಯ ಕೊನೆಗೆ ಇಂಥದ್ದೊಂದು ಪ್ರಬಂಧ ಒಪ್ಪಿಸಬೇಕು. ಅವನ್ನು ಬೇಕೆಂದಾಗ ಕೈಗೆ ಸಿಗುವಂತೆ ಜೋಡಿಸುವ ಕೆಲಸಕ್ಕೆ ಇಳಿದವರು ಶಾರ್ಲರುವಾದ ವೈದ್ಯ ಮಾರ್ಕ್ ಜಾಮುಲ್.

ರೋಗದ ಹೆಸರಿನ ಪ್ರಕಾರ ಜೋಡಿಸಿದರಾಯಿತಲ್ಲ? ಆಸ್ಪತ್ರೆಗಾದರೆ ಸರಿ. ಫ್ಯಾಮಿಲಿ ಡಾಕ್ಟರ ಎದುರು ಬಂದು ಕೂರುವವರ ತೊಂದರೆಗೆ ಎಷ್ಟೋ ಸಲ ಹೆಸರೇ ಇರುವುದಿಲ್ಲ. 1961ರಲ್ಲಿ ಸಂಶೋಧಕ ಕೆರ್ ವೈಟ್ ಮತ್ತು ಸಂಗಡಿಗರು ಕೊಟ್ಟ ಲೆಕ್ಕ ಇದು: ತಿಂಗಳೊಂದರಲ್ಲಿ 1,000 ವಯಸ್ಕರಲ್ಲಿ 750 ಮಂದಿಗೆ ಏನೋ ತೊಂದರೆ, ವೈದ್ಯರ ಬಳಿ ಹೋಗುವವರು 250, ಆಸ್ಪತ್ರೆ ಸೇರುವವರು 9, ವಿಶ್ವವಿದ್ಯಾಲಯದ ಆಸ್ಪತ್ರೆ ಮುಟ್ಟುವುದು ಒಬ್ಬರು. ವೈದ್ಯಕೀಯದ ಪಾಠವೆಲ್ಲ ನಡೆಯುತ್ತಿದ್ದದ್ದು ಆ ಒಬ್ಬರ ಹಾಸಿಗೆಯ ಸುತ್ತ!

ಉಳಿದವರಿಗೂ ಒಂದು ಖಾನೆ ಬೇಕೆಂದು ಜಾಗತಿಕ ಫ್ಯಾಮಿಲಿ ಡಾಕ್ಟರ್‌ಗಳ ಸಂಘಟನೆ ವೋಂಕಾ 1987ರಲ್ಲಿ ಐಸಿಪಿಸಿ ಎಂಬ ವರ್ಗೀಕರಣ ತಂದಿತು. ಹೆನ್ಕ್ ಲ್ಯಾಂಬರ್ಟ್ಸ್, ಮಾರಿಸ್ ವುಡ್ ಅದರ ಮುಖ್ಯ ಶಿಲ್ಪಿಗಳು. 17 ಅಧ್ಯಾಯ, ಒಂದೊಂದಕ್ಕೂ ಒಂದು ಇಂಗ್ಲಿಷ್ ಅಕ್ಷರ. ಟಿ90 ಎಂದರೆ ಇನ್ಸುಲಿನ್ ಅವಲಂಬಿತವಲ್ಲದ ಮಧುಮೇಹ. ಎ04 ಎಂದರೆ ಬರೀ ಸುಸ್ತು. ಜ಼ೆಡ್01 ಬಡತನ. ಕಾಸಿಲ್ಲದ ಕಷ್ಟವನ್ನೂ ಕೆಮ್ಮಿನ ಸಾಲಿನಲ್ಲೇ ಇಟ್ಟಿದ್ದು ಈ ಪಟ್ಟಿಯ ದೊಡ್ಡತನ ಎಂದು ನನಗನ್ನಿಸುತ್ತದೆ.

ಆದರೆ ಎಳೆಯ ವೈದ್ಯರ ಪ್ರಬಂಧಗಳು ಈ ಪಟ್ಟಿಗೂ ಬಗ್ಗಲಿಲ್ಲ. ಐಸಿಪಿಸಿ ಹೇಳುವುದು ರೋಗಿಯ ತೊಂದರೆಯನ್ನು. ವಿದ್ಯಾರ್ಥಿ ಬರೆಯುವುದೋ ರಾತ್ರಿ ಪಾಳಿಯ ವ್ಯವಸ್ಥೆ, ರೋಗಿಯ ಗುಟ್ಟು ಕಾಯುವುದು, ರೋಗಿಗೆ ಬೇಡದ ಪರೀಕ್ಷೆ ಮಾಡಿಸದಿರುವುದು ಇಂಥವನ್ನು. ಇವಕ್ಕೆ ಯಾವ ಅಂಗ, ಯಾವ ಕಾಯಿಲೆ? 17 ಅಕ್ಷರ ಹೋಗಿ ಉಳಿದ ಒಂಬತ್ತರಲ್ಲಿ ಕ್ಯೂ ಒಂದು. ಜಾಮುಲ್ ಅದನ್ನು ಎತ್ತಿಕೊಂಡರು. ಕ್ಯೂಡಿ ವೈದ್ಯರ ಕೆಲಸಕ್ಕೆ, ಕ್ಯೂಇ ನೀತಿಗೆ, ಕ್ಯೂಎಸ್ ಕ್ಲಿನಿಕ್ಕಿನ ವ್ಯವಸ್ಥೆಗೆ, ಕ್ಯೂಆರ್ ಸಂಶೋಧನೆಗೆ. ಭೂಮಿಯ ಆರೋಗ್ಯಕ್ಕೂ ಕ್ಯೂಎಚ್ ಇದೆ. ಅತಿ ಚಿಕಿತ್ಸೆಯಿಂದ ರೋಗಿಯನ್ನು ಕಾಪಾಡುವ ಚತುರ್ಥ ಹಂತದ ತಡೆಗೆ ಕ್ಯೂಡಿ44. 1986ರಲ್ಲಿ ಆ ಕಲ್ಪನೆಯನ್ನು ಮುಂದಿಟ್ಟವರೂ ಇದೇ ಜಾಮುಲ್. ತಮ್ಮ ಮೆಚ್ಚಿನ ವಿಷಯಕ್ಕೆ ಜಾಗ ಮಾಡದೆ ಬಿಟ್ಟಾರೆಯೇ? ಐಸಿಪಿಸಿ, ಕ್ಯೂ ಸಂಕೇತಗಳು ಎರಡೂ ಸೇರಿದ ಪಟ್ಟಿಗೆ 3ಸಿಜಿಪಿ ಎಂದು ಹೆಸರು. ಫ್ರಾನ್ಸಿನ ರುವಾಂ ಆಸ್ಪತ್ರೆಯ ತಂಡ ಅದನ್ನು ಬಹುಭಾಷಾ ಪದಕೋಶದಲ್ಲಿ ಸೇರಿಸಿತು. ಲಿಯೇಜ್ ವಿಶ್ವವಿದ್ಯಾಲಯದಲ್ಲಿ 2017ರಲ್ಲಿ ಜಾಮುಲ್ ಪಿಎಚ್.ಡಿ. ಪಡೆದದ್ದೂ ಇದೇ ಕೆಲಸಕ್ಕೆ.

ಒಂದು ಪ್ರಬಂಧ ಊಹಿಸಿಕೊಳ್ಳಿ: ಮಧುಮೇಹವಿರುವ ವೃದ್ಧರಿಗೆ ಮಾತ್ರೆ ಕಡಿಮೆ ಮಾಡುವುದು. ಟಿ90 ತಕ್ಷಣ ಬೀಳುತ್ತದೆ. ವೃದ್ಧರೆಂಬುದಕ್ಕೆ ಕ್ಯೂಸಿ. ಮಾತ್ರೆ ಕಡಿತ ಕ್ಯೂಡಿ44 ಎಂದು ಒಬ್ಬರು ಹೇಳಿದರೆ, ಅದು ಬರೀ ಔಷಧ ಬರೆಯುವ ವಿಷಯ ಎಂದು ಇನ್ನೊಬ್ಬರ ವಾದ. ಓದಿದ ಇಬ್ಬರೂ ಪ್ರಾಮಾಣಿಕರೇ. ಮಧುಮೇಹದ ಬಗ್ಗೆ ಇಲ್ಲದ ಜಗಳ ವೈದ್ಯರು ಏನು ಮಾಡುತ್ತಿದ್ದಾರೆ ಎನ್ನುವಲ್ಲಿ ಶುರುವಾಗುತ್ತದೆ. ಹಾಗಾಗಿ ಸಂಕೇತ ಹಾಕುವ ಕೆಲಸವನ್ನು ಲೈಬ್ರರಿಯವರಿಗೆ ಬಿಡದೆ, ಪ್ರಬಂಧ ಬರೆದವರಿಗೇ ಕಲಿಸುವುದು ವಾಸಿ.